‘ಬಂದ್ರೆ ಎಂತ ಕೊಡ್ತೆ ಆಯಿ?’: ಬಹುಮಾನ, ಕಷ್ಟ ಮತ್ತು ಮಕ್ಕಳ ಗುಣ

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಅಡಿಕೆ ತೋಟವಿದೆ. ಮಗ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾನೆ. ಓದಿನಲ್ಲಿ ಆಸಕ್ತಿ ಬರಲೆಂದು ನಾನು ಪ್ರತಿ ಪರೀಕ್ಷೆಗೂ ಒಂದೊಂದು ಬಹುಮಾನ ಹೇಳುತ್ತ ಬಂದೆ. ಮೊದಲು ಕ್ರಿಕೆಟ್ ಬ್ಯಾಟು, ಆಮೇಲೆ ಕೈಗಡಿಯಾರ. ಈಗ ವಾರ್ಷಿಕ ಪರೀಕ್ಷೆಯಲ್ಲಿ ಶೇಕಡಾ 90 ಬಂದರೆ ಮೊಬೈಲ್ ಎಂದು ಮಾತು ಕೊಟ್ಟಾಗಿದೆ. ಅಂಕವೇನೋ ಬರುತ್ತಿದೆ. ಆದರೆ ಮೊನ್ನೆ ಮಳೆ ಹನಿಯತೊಡಗಿದಾಗ ಅಂಗಳದಲ್ಲಿ ಹರವಿದ ಅಡಿಕೆ ಎತ್ತಲು ಬಾ ಎಂದರೆ ‘ಬಂದ್ರೆ ಎಂತ ಕೊಡ್ತೆ ಆಯಿ?’ ಎಂದು ಕೇಳಿದ. ನಮ್ಮನೆಯವರು ಹಳ್ಳ ದಾಟಿ ನಡೆದು ಶಾಲೆಗೆ ಹೋದವರು, ನೆಂಟರ ಮನೆಯಲ್ಲಿದ್ದು ಕೊಟ್ಟಿಗೆ ಕೆಲಸ ಮಾಡಿಕೊಂಡು ಹೈಸ್ಕೂಲು ಮುಗಿಸಿದವರು. ‘ಇವನಿಗೆ ಕಷ್ಟವೇ ಗೊತ್ತಿಲ್ಲ, ಎಲ್ಲ ನಿಲ್ಲಿಸಿ ದೂರದ ಹಾಸ್ಟೆಲಿಗೆ ಹಾಕುತ್ತೇನೆ, ಆಗ ಬುದ್ಧಿ ಬರುತ್ತದೆ’ ಎನ್ನುತ್ತಾರೆ. ಕಷ್ಟಪಟ್ಟರೆ ಮಾತ್ರ ಮನುಷ್ಯನಿಗೆ ಗುಣ ಬರುತ್ತದೆಯೇ? ನಾನು ಬಹುಮಾನ ಕೊಟ್ಟದ್ದು ತಪ್ಪಾಯಿತೇ?

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂದು ಬಿಡಿಸಿಕೊಳ್ಳದೆ ಅವರು ಅದನ್ನು ಜಾರಿಗೆ ತಂದರೆ, ನಿಮ್ಮ ಬಹುಮಾನಗಳಿಂದ ಆಗಿರಬಹುದಾದದ್ದಕ್ಕಿಂತ ಹೆಚ್ಚಿನ ಹಾನಿಯಾಗುವ ಸಂಭವವಿದೆ. ಗುಣವನ್ನು ರೂಪಿಸುವುದು ಕಷ್ಟವಲ್ಲ, ಕಷ್ಟದೊಳಗೆ ನಿಂತು ಮಾಡಿದ ಪ್ರಯತ್ನ. ಕೇಳಲು ಇವೆರಡೂ ಒಂದೇ ಅನ್ನಿಸಬಹುದು. ಆದರೆ ಹುಡುಗನನ್ನು ಹಾಸ್ಟೆಲಿಗೆ ಹಾಕಬೇಕೋ ಬೇಡವೋ ಎಂಬ ನಿಮ್ಮ ಮನೆಯ ಪ್ರಶ್ನೆ ನಿಂತಿರುವುದೇ ಇವೆರಡರ ನಡುವಿನ ಅಂತರದ ಮೇಲೆ. ಮೊದಲು ಬಹುಮಾನದ ವಿಚಾರವನ್ನು ನೋಡೋಣ.

1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮೂವರು ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರಗಳ ಬಳಿಕ ಆಟದ ಹೊತ್ತಿನಲ್ಲಿ ಅದೇ ಪೆನ್ನುಗಳನ್ನು ಮೇಜಿನ ಮೇಲಿಟ್ಟು, ಯಾರು ಎಷ್ಟು ಹೊತ್ತು ಚಿತ್ರ ಬಿಡಿಸುತ್ತಾರೆಂದು ಮರೆಯಲ್ಲಿ ನಿಂತು ಗಮನಿಸಿದರು. ಮೊದಲೇ ಬಹುಮಾನದ ಮಾತು ಕೇಳಿದ್ದ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಹೊತ್ತಿನ ಸುಮಾರು ಅರ್ಧದಷ್ಟನ್ನು ಮಾತ್ರ ಕೊಟ್ಟರು. ಅನಿರೀಕ್ಷಿತವಾಗಿ ಪತ್ರ ಸಿಕ್ಕಿದ್ದ ಎರಡನೆಯ ಗುಂಪಿನ ಉತ್ಸಾಹ ಕುಂದಿರಲಿಲ್ಲ. ಪತ್ರ ಅದೇ, ಪೆನ್ನೂ ಅದೇ. ಆಸಕ್ತಿಯನ್ನು ತಿಂದದ್ದು ಬಹುಮಾನವಲ್ಲ, ‘ಮಾಡಿದರೆ ಕೊಡುತ್ತೇನೆ’ ಎಂಬ ಕರಾರು.

ಇದಕ್ಕೆ ಎರಡು ವರ್ಷ ಮೊದಲು ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಲ್ಲಿ ಇಂಥದೇ ಫಲಿತಾಂಶವನ್ನು ಕಂಡಿದ್ದರು. ಈ ತೀರ್ಮಾನವನ್ನು ಒಪ್ಪದ ವಿದ್ವಾಂಸರೂ ಇದ್ದರು, ಹಲವು ವರ್ಷ ವಾದ ನಡೆಯಿತು. 1999ರಲ್ಲಿ ಡೆಸಿ ಮತ್ತು ಸಂಗಡಿಗರು 128 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದಾಗ ಎರಡು ಮೂರು ವಿಷಯಗಳು ಸ್ಪಷ್ಟವಾದವು. ಮೊದಲೇ ಹೇಳಿಟ್ಟು ಕೊಡುವ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ತಗ್ಗಿಸುತ್ತದೆ, ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು. ಮಾಡಿದ ಕೆಲಸದ ಬಗ್ಗೆ ಹೇಳುವ ಒಳ್ಳೆಯ ಮಾತು ಹಾಗೆ ಮಾಡುವುದಿಲ್ಲ. ಇನ್ನು, ಯಾರಿಗೂ ತಾನಾಗಿ ಇಷ್ಟವಾಗದ, ಬರಿಯ ಬೇಸರದ ಕೆಲಸಕ್ಕೆ ಏನಾದರೂ ಕೊಟ್ಟರೆ ಕಳೆದುಕೊಳ್ಳುವಂಥದ್ದೇನೂ ಇಲ್ಲ, ಏಕೆಂದರೆ ತಗ್ಗಲು ಅಲ್ಲಿ ಆಸಕ್ತಿಯೇ ಇರುವುದಿಲ್ಲ. ಈ ಕೊನೆಯ ಮಾತನ್ನು ನಮ್ಮ ಕಡೆಯ ಭಾಷಣಕಾರರು ಬಿಟ್ಟುಬಿಡುತ್ತಾರೆ. ಅಡಿಕೆ ಗೊನೆ ಕೊಯ್ಯಲು ಮರ ಹತ್ತುವವರು ಕೂಲಿ ತೆಗೆದುಕೊಳ್ಳುವುದರಿಂದ ಅವರ ಗುಣ ಕೆಡುವುದಿಲ್ಲ. ಕೂಲಿ ನ್ಯಾಯ, ಆಮಿಷ ಬೇರೆ.

ನಿಮ್ಮ ಮಗ ದುರಾಸೆಯ ಹುಡುಗನೆಂದು ನನಗೆ ಅನ್ನಿಸುವುದಿಲ್ಲ. ಕಲಿಸಿದ ಪಾಠವನ್ನು ಆತ ಚೆನ್ನಾಗಿಯೇ ಕಲಿತಿದ್ದಾನೆ. ಕೆಲಸ ಎಂದರೆ ಇನ್ನೊಬ್ಬರಿಗೆ ಬೇಕಾದದ್ದು, ತಾನು ಅದನ್ನು ಮಾರಬಹುದು ಎಂಬ ಲೆಕ್ಕ ಅವನಿಗೆ ಓದಿನ ವಿಷಯದಲ್ಲಿ ರೂಢಿಯಾಗಿತ್ತು. ಆ ಲೆಕ್ಕವನ್ನೇ ಅಂಗಳದ ಅಡಿಕೆಗೂ ಹಚ್ಚಿದ. ಮಳೆಗೆ ನೆನೆದ ಅಡಿಕೆ ಬೂಸಲು ಹಿಡಿದರೆ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ, ಆ ದರದಲ್ಲೇ ಅವನ ಶಾಲೆಯ ಫೀಸೂ ಊಟವೂ ಇದೆ ಎಂಬ ಸಂಬಂಧ ಅವನಿಗೆ ಕಂಡಿಲ್ಲ. ಆಳುಕಾಳು ಸಿಗದ ಈ ಕಾಲದಲ್ಲೂ ಮಕ್ಕಳನ್ನು ಅಂಗಳದಿಂದ ದೂರವಿಟ್ಟು ‘ನೀನು ಓದಿಕೋ ಸಾಕು’ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಪ್ರೀತಿಯಿಂದ ಹೇಳುವ ಈ ಮಾತಿನ ಫಲವೆಂದರೆ, ಹುಡುಗ ಮನೆಯಲ್ಲಿದ್ದೂ ಮನೆಯ ಕಷ್ಟಸುಖಕ್ಕೆ ಹೊರಗಿನವನಾಗುವುದು.

ಬಹುಮಾನಕ್ಕೆ ಇನ್ನೊಂದು ಮಿತಿಯಿದೆ. ಅದು ಕೊನೆಯನ್ನು ಮಾತ್ರ ಎಣಿಸಬಲ್ಲದು. ಶೇಕಡಾ 90 ಎಂಬುದು ಕೊನೆಯ ಲೆಕ್ಕ. ಬೀಜಗಣಿತದ ಒಂದು ಲೆಕ್ಕಕ್ಕೆ ಅವನು ನಾಲ್ಕು ದಾರಿ ಹುಡುಕಿದನೋ ಅಥವಾ ಗೈಡ್ ನೋಡಿ ಬಾಯಿಪಾಠ ಮಾಡಿದನೋ ಎಂಬುದು ಅದರಲ್ಲಿ ಕಾಣುವುದಿಲ್ಲ, ಮೊಬೈಲ್ ಎರಡಕ್ಕೂ ಒಂದೇ. ಗುಣ ಎಂದು ನಾವು ಕರೆಯುವ ತಾಳ್ಮೆ, ಕೈಬಿಡದ ಹಟ, ತಪ್ಪನ್ನು ಒಪ್ಪಿಕೊಂಡು ಮತ್ತೆ ಕೂರುವ ಸ್ವಭಾವ ಬೆಳೆಯುವುದು ಯಾರೂ ನೋಡದ ಆ ನಡುವಿನ ಭಾಗದಲ್ಲಿ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಬದುಕನ್ನು ಇದೇ ಕಾರಣಕ್ಕೆ ನೆನೆಯುತ್ತೇನೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಅವರನ್ನು ಹೆಚ್ಚಿನವರು ಬಲ್ಲದ್ದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ, ಹಾಲಕ್ಕಿ ಒಕ್ಕಲಿಗರ ಉಡುಗೆಯಲ್ಲಿ ಪದ್ಮಶ್ರೀ ಸ್ವೀಕರಿಸಿದ ಆ ಒಂದು ಚಿತ್ರದಿಂದ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಶಾಲೆಯ ಮೆಟ್ಟಿಲು ಹತ್ತದೆ, ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಹೋದವರು ಅವರು. ಅಲ್ಲಿಯೇ ದಶಕಗಳನ್ನು ಕಳೆದರು. ಯಾವ ಮರ ತಾಯಿಮರವಾಗಲು ಯೋಗ್ಯ, ಅದರ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಬೇಕು, ಯಾವುದನ್ನು ಹೇಗೆ ಮೊಳೆಯಿಸಬೇಕು ಎಂಬ ಅವರ ತಿಳಿವಳಿಕೆಗೆ ಅರಣ್ಯಾಧಿಕಾರಿಗಳೇ ತಲೆದೂಗಿದರು. ಕಾಡುಮರಗಳ ಬೀಜ ಹೇಳಿದ ಮಾತು ಕೇಳುವಂಥದ್ದಲ್ಲ. ಕೆಲವು ನೆಲಕ್ಕೆ ಬಿದ್ದು ಸ್ವಲ್ಪ ದಿನದಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ, ಕೆಲವಕ್ಕೆ ಸಿಪ್ಪೆ ಗಟ್ಟಿ. ಒಂದು ಹಂಗಾಮು ತಪ್ಪಿದರೆ ಮುಂದಿನ ಹಂಗಾಮಿಗೇ ಕಾಯಬೇಕು. ಇಂಥ ಕೆಲಸದಲ್ಲಿ ಕಣ್ಣು ಪಳಗುವುದು ತಪ್ಪಿದ ಹಂಗಾಮುಗಳಿಂದ. ಪದ್ಮಶ್ರೀ ಘೋಷಣೆಯಾಗುವ ಹೊತ್ತಿಗೆ ಆ ಕಣ್ಣು ಪಳಗಿ ಎಷ್ಟೋ ಕಾಲವಾಗಿತ್ತು. ಪ್ರಶಸ್ತಿ ಬಾರದೇ ಹೋಗಿದ್ದರೂ ಅವರಿಗೆ ಗೊತ್ತಿದ್ದದ್ದರಲ್ಲಿ ಒಂದು ಬೀಜವೂ ಕಡಿಮೆಯಾಗುತ್ತಿರಲಿಲ್ಲ, ನಮಗೆ ಅವರ ಹೆಸರು ಗೊತ್ತಾಗುತ್ತಿರಲಿಲ್ಲ ಅಷ್ಟೇ. ಹಾಗೆಂದು ಅವರ ಬಡತನವೇ ಅವರನ್ನು ದೊಡ್ಡವರನ್ನಾಗಿ ಮಾಡಿತೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಅಷ್ಟೇ ಬಡತನ ಆ ಭಾಗದ ನೂರಾರು ಮನೆಗಳಲ್ಲಿತ್ತು. ಅವರಿಗೆ ಬೀಜ, ಮಣ್ಣು, ನೀರು ಎಂಬ ಕೈಗೆ ಎಟುಕುವ ಕೆಲಸವೊಂದು ಸಿಕ್ಕಿತು. ಆ ಕೆಲಸ, ಮಾಡಿದ್ದಕ್ಕೆ ಮೊಳಕೆಯ ರೂಪದಲ್ಲಿ ಉತ್ತರ ಕೊಡುತ್ತಿತ್ತು.

ಈ ‘ಉತ್ತರ ಕೊಡುವುದು’ ಎಂಬ ಮಾತನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಕಷ್ಟದ ಬಗ್ಗೆ ಮನಶ್ಶಾಸ್ತ್ರಕ್ಕೆ ತಿಳಿದಿರುವುದರಲ್ಲಿ ಅತಿ ಮುಖ್ಯವಾದದ್ದು ಇದರ ಸುತ್ತಲೇ ಇದೆ. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಇಂದು ಓದುವಾಗ ಕ್ರೂರವೆನ್ನಿಸುತ್ತದೆ, ಆದರೆ ಅದು ತೋರಿಸಿದ್ದನ್ನು ಮರೆಯುವಂತಿಲ್ಲ. ಜೋಡಿ ಜೋಡಿಯಾಗಿ ನಾಯಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ ಕೊಟ್ಟರು. ಜೋಡಿಯಲ್ಲಿ ಒಂದು ನಾಯಿ ತಲೆಯಿಂದ ಹಲಗೆಯೊಂದನ್ನು ಒತ್ತಿದರೆ ಎರಡರ ಆಘಾತವೂ ನಿಲ್ಲುತ್ತಿತ್ತು. ಇನ್ನೊಂದು ಏನು ಮಾಡಿದರೂ ವ್ಯರ್ಥ, ಅದರ ಪಾಲಿನ ನೋವು ತಾನಾಗಿ ಬರುತ್ತಿತ್ತು, ತಾನಾಗಿ ಹೋಗುತ್ತಿತ್ತು. ಆಮೇಲೆ ಎರಡನ್ನೂ ಒಂದು ಪೆಟ್ಟಿಗೆಯಲ್ಲಿ ಬಿಟ್ಟರು. ನಡುವಿನ ಗಿಡ್ಡ ತಡೆಯನ್ನು ಹಾರಿದರೆ ನೋವಿನಿಂದ ಪಾರಾಗಬಹುದಿತ್ತು. ಹಲಗೆ ಒತ್ತಿ ಅಭ್ಯಾಸವಿದ್ದವು ಬೇಗನೆ ಹಾರಲು ಕಲಿತವು. ಎರಡನೆಯ ಬಗೆಯವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಾರುವ ಯತ್ನವನ್ನೇ ಕೈಬಿಟ್ಟು ಬಿದ್ದುಕೊಂಡವು. ಕಷ್ಟದ ಅಳತೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿತ್ತು. ಒಂದಕ್ಕೆ ಅದರಿಂದ ಛಲ ಬಂತು, ಇನ್ನೊಂದಕ್ಕೆ ನಿರಾಶೆ. ತನ್ನ ಕೈಯಿಂದ ಏನಾದರೂ ಆಗುತ್ತದೆ ಎಂಬ ಅನುಭವ ಸಿಕ್ಕಿತೇ ಇಲ್ಲವೇ ಎಂಬುದೊಂದೇ ಭೇದ.

ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಬಗ್ಗೆ ಅಷ್ಟರಲ್ಲಿ ತಿಳಿದುಬಂದಿದ್ದನ್ನೆಲ್ಲ ಸೇರಿಸಿಕೊಂಡು ತಮ್ಮ ಹಳೆಯ ವಿವರಣೆಯನ್ನು ತಿರುವಿ ಹಾಕಿದರು. ಅಸಹಾಯಕತೆಯನ್ನು ಪ್ರಾಣಿ ಕಲಿಯುತ್ತದೆ ಎಂದು ಅವರು ಮೊದಲು ಹೇಳಿದ್ದರು. ದೀರ್ಘವಾದ ನೋವಿಗೆ ಮುದುರಿ ಕೂರುವುದೇ ಮಿದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು ‘ಇದು ನನ್ನ ಹತೋಟಿಯಲ್ಲಿದೆ’ ಎಂಬುದನ್ನು ಎಂಬ ತೀರ್ಮಾನಕ್ಕೆ ಬಂದರು. ಪಾಲಕರ ಪಾಲಿಗೆ ಇದರ ಅರ್ಥ ದೊಡ್ಡದು. ಕಷ್ಟಕ್ಕೆ ದೂಡಿದರೆ ಹುಡುಗ ತಾನಾಗಿಯೇ ಈಜಿ ದಡ ಸೇರುತ್ತಾನೆ ಎಂಬ ನಂಬಿಕೆ ತಲೆಕೆಳಗಾದದ್ದು. ಕಷ್ಟಕ್ಕೆ ದೂಡಿದಾಗ ತಾನಾಗಿ ಬರುವುದು ಮುದುರಿಕೊಳ್ಳುವಿಕೆ. ಈಜು ಕಲಿಯಲು ದಡದಲ್ಲಿ ಯಾರಾದರೂ ಇರಬೇಕು, ನೀರು ಅವನ ಅಳತೆಯದಾಗಿರಬೇಕು.

ನಿಮ್ಮ ಯಜಮಾನರ ಬಾಲ್ಯದ ಕಥೆಯನ್ನೇ ತೆಗೆದುಕೊಳ್ಳಿ. ಅವರ ಜೊತೆ ಹಳ್ಳ ದಾಟಿ ಶಾಲೆಗೆ ಹೊರಟವರೆಲ್ಲ ಹೈಸ್ಕೂಲು ಮುಗಿಸಿದರೇ ಎಂದು ಅವರನ್ನೇ ಕೇಳಿ. ಮಳೆಗಾಲದಲ್ಲಿ ಹಳ್ಳದ ಸಂಕ (ಕಾಲುಸೇತುವೆ) ಕೊಚ್ಚಿಹೋಗಿ ಶಾಲೆ ತಪ್ಪಿದ್ದು ಹಾಗೆಯೇ ಬಿಟ್ಟುಹೋದವರು, ಮನೆಯಲ್ಲಿ ಕೈ ಬೇಕೆಂದು ನಿಂತವರು, ಅದರಲ್ಲೂ ಹೆಣ್ಣುಮಕ್ಕಳು, ಅವರ ತರಗತಿಯಲ್ಲಿ ಎಷ್ಟು ಜನ ಇದ್ದಿರಬಹುದು? ಅವರಿಗೂ ಅದೇ ಹಳ್ಳ, ಅದೇ ಮಳೆ. ‘ಕಷ್ಟವೇ ಗುರು’ ಎಂದು ವೇದಿಕೆಯ ಮೇಲೆ ನಿಂತು ಹೇಳುವ ಅವಕಾಶ ಸಿಗುವುದು ದಾಟಿ ಬಂದವರಿಗೆ ಮಾತ್ರ, ದಾಟಲಾಗದವರನ್ನು ಯಾರೂ ಸನ್ಮಾನಕ್ಕೆ ಕರೆಯುವುದಿಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ಮಾತನ್ನು ಕೇಳಿ ಕೇಳಿ ನನಗಂತೂ ಬೇಸರ ಬಂದುಹೋಗಿದೆ. ಇನ್ನೂ ಒಂದನ್ನು ಕೇಳಿ: ಆ ನೆಂಟರ ಮನೆಯಲ್ಲಿ ಅವರಿಗೆ ತಟ್ಟೆ ಹಾಕಿ ಕಾಯುತ್ತಿದ್ದವರು ಯಾರು? ಪುಸ್ತಕಕ್ಕೆ ದುಡ್ಡಿಲ್ಲದಾಗ ಕರೆದು ಕೊಟ್ಟ ಮಾಸ್ತರರೊಬ್ಬರು ಇದ್ದಿರಲೇಬೇಕು. ಕೊಟ್ಟಿಗೆಯ ಕೆಲಸ ನೆನಪಿರುವಷ್ಟು ಈ ಜನ ನೆನಪಿರುವುದಿಲ್ಲ.

ನಾನು ಹೀಗೆ ಕೇಳುವುದಕ್ಕೆ ಆಧಾರವಿದೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ, ಅವರು ನಡುವಯಸ್ಸು ತಲುಪುವವರೆಗೂ, ಗಮನಿಸುತ್ತ ಬಂದರು. ಬಡತನ, ಮನೆಯಲ್ಲಿ ಜಗಳ, ಕುಡಿತ, ತಂದೆ ಅಥವಾ ತಾಯಿಯ ಮಾನಸಿಕ ಅಸ್ವಸ್ಥತೆ ಇವುಗಳಲ್ಲಿ ಹಲವನ್ನು ಒಟ್ಟಿಗೆ ಎದುರಿಸಿದ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಮುಂದೆ ಕಲಿಕೆಯಲ್ಲೋ ನಡತೆಯಲ್ಲೋ ತೊಂದರೆಗೆ ಸಿಕ್ಕಿದರು. ಉಳಿದ ಮೂರನೆಯ ಒಂದು ಪಾಲು ಆತ್ಮವಿಶ್ವಾಸವುಳ್ಳ, ದುಡಿದು ಬದುಕುವ, ಇನ್ನೊಬ್ಬರ ಬಗ್ಗೆ ಕಾಳಜಿಯುಳ್ಳ ಪ್ರಾಪ್ತವಯಸ್ಕರಾಗಿ ಬೆಳೆಯಿತು. ಇವರಲ್ಲಿ ಎದ್ದು ಕಂಡ ಸಂಗತಿಗಳಲ್ಲಿ ಎರಡು ನಮಗೆ ಬೇಕಾದವು. ಒಂದು, ಅಜ್ಜಿಯೋ ಚಿಕ್ಕಮ್ಮನೋ ಶಿಕ್ಷಕರೋ, ಅಂತೂ ಬಿಡದೆ ಜೊತೆಗೆ ನಿಂತ ಒಬ್ಬರಾದರೂ ಹಿರಿಯರು. ಇನ್ನೊಂದು, ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು, ಮನೆಯ ಕೆಲಸ ನಿಭಾಯಿಸುವುದು ಮುಂತಾಗಿ, ತಾನು ಮಾಡದಿದ್ದರೆ ನಿಜಕ್ಕೂ ನಿಂತುಹೋಗುವಂಥ ಹೊಣೆ. ತಟ್ಟೆ ಹಾಕಿ ಕಾಯುವವರೂ ಕೊಟ್ಟಿಗೆಯ ಕೆಲಸವೂ ನಿಮ್ಮ ಯಜಮಾನರ ಬಾಲ್ಯದಲ್ಲಿ ಒಟ್ಟಿಗೆ ಇದ್ದವು. ಹಾಸ್ಟೆಲಿಗೆ ಹಾಕುವ ಅವರ ಯೋಜನೆಯಲ್ಲಿ ಎರಡೂ ಇಲ್ಲ. ಅಲ್ಲಿ ಅವನನ್ನು ಕಾಯುವವರು ಯಾರೂ ಇರುವುದಿಲ್ಲ, ಅವನಿಲ್ಲದಿದ್ದರೆ ನಿಲ್ಲುವ ಕೆಲಸವೂ ಇರುವುದಿಲ್ಲ. ಉಳಿಯುವುದು ಬರಿಯ ಅನನುಕೂಲ, ಅದೂ ಶಿಕ್ಷೆಯೆಂಬ ಹೆಸರಿನಲ್ಲಿ.

ಹಾಗೆಂದು ಕಷ್ಟದ ನೆರಳೇ ಸೋಕದಂತೆ ಬೆಳೆಸುವುದೂ ಲೇಸಲ್ಲ. 2010ರಲ್ಲಿ ಮಾರ್ಕ್ ಸೀರಿ ಮತ್ತು ಇಬ್ಬರು ಸಹಸಂಶೋಧಕರು ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೆಲವು ವರ್ಷ ಅಧ್ಯಯನ ಮಾಡಿ ಪ್ರಕಟಿಸಿದ ಲೇಖನದಲ್ಲಿ, ಬದುಕಿನಲ್ಲಿ ಹೆಚ್ಚು ಆಪತ್ತು ಕಂಡವರಿಗಿಂತಲೂ, ಏನೂ ಕಾಣದವರಿಗಿಂತಲೂ, ಸ್ವಲ್ಪ ಮಟ್ಟಿಗೆ ಕಂಡವರ ಮನಸ್ಸು ಹೆಚ್ಚು ಸ್ವಸ್ಥವಾಗಿತ್ತು ಎಂದು ವರದಿಯಾಗಿದೆ. ಇದನ್ನು ಔಷಧದ ಚೀಟಿಯಂತೆ ಓದಬಾರದು. ಹೊಡೆತ, ಅವಮಾನ, ಹಸಿವು, ಮನೆಯಲ್ಲಿ ದಿನನಿತ್ಯದ ಭಯ ಇವು ಯಾವ ಪ್ರಮಾಣದಲ್ಲೂ ಮಕ್ಕಳಿಗೆ ಪಥ್ಯವಲ್ಲ.

ಇನ್ನೊಂದು ಭೇದವನ್ನು ಹೇಳದಿದ್ದರೆ ಈ ಉತ್ತರ ಅರೆಯಾಗುತ್ತದೆ. ಹೇರಿದ ಕಷ್ಟ ಬೇರೆ, ತಾನಾಗಿ ಎತ್ತಿಕೊಂಡ ಕಷ್ಟ ಬೇರೆ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ ಮತ್ತು ಶಿರಸಿ ಸೀಮೆಗಳ ರೈತರು ಕರನಿರಾಕರಣೆಗೆ ಇಳಿದಾಗ ಭೂಮಿ, ಮನೆ, ದನಕರು ಜಪ್ತಿಯಾದವು. ಹೆಂಗಸರೂ ಜೈಲಿಗೆ ಹೋದರು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಸಿದ್ದಾಪುರ ತಾಲ್ಲೂಕಿನ ಮಹಿಳೆಯರು ಉಪವಾಸ ಕೂತರು. ಮಾವಿನಗುಂಡಿಯ ಸ್ಮಾರಕ ಇಂದಿಗೂ ಅದನ್ನು ನೆನಪಿಸುತ್ತದೆ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಹೋದ ಭೂಮಿ ಮರಳುವ ದಾರಿಯಾಯಿತು. ಆದರೆ ತೆರಿಗೆ ಕಟ್ಟುವುದಿಲ್ಲ ಎಂದು ನಿಂತ ದಿನ ಅಂಥ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ನಮ್ಮ ಜಿಲ್ಲೆಯ ಹಳಬರಲ್ಲಿ ಕಾಣುತ್ತಿದ್ದ ಒಂದು ಬಗೆಯ ನೆಟ್ಟಗಿನ ಬೆನ್ನಿಗೆ ಈ ಅನುಭವವೂ ಕಾರಣವೆಂದು ನಾನು ಭಾವಿಸಿದ್ದೇನೆ. ಜಪ್ತಿಯ ನೋವು ಅವರನ್ನು ಮುರಿಯದಿದ್ದದ್ದು ಅದು ಯಾಕೆಂದು ಅವರಿಗೆ ಗೊತ್ತಿದ್ದುದರಿಂದ, ಅಕ್ಕಪಕ್ಕದವರೂ ಅದನ್ನೇ ಅನುಭವಿಸುತ್ತಿದ್ದುದರಿಂದ. ಒಂಬತ್ತನೇ ತರಗತಿಯ ಹುಡುಗನಿಗೆ ‘ಬುದ್ಧಿ ಬರಲಿ’ ಎಂದು ಕೊಡುವ ಕಷ್ಟದಲ್ಲಿ ಈ ಅರ್ಥವನ್ನು ಹೊರಗಿನಿಂದ ತುಂಬಲು ಬರುವುದಿಲ್ಲ.

ಹಾಗಾದರೆ ಮಾಡುವುದೇನು? ಅವನಿಗೆ ಕಷ್ಟವನ್ನು ಹುಡುಕಿ ತಂದು ಕೊಡಬೇಕಾಗಿಲ್ಲ, ಅವನ ಪಾಲಿನದನ್ನು ಅವನಿಂದ ಕಸಿದುಕೊಳ್ಳದಿದ್ದರೆ ಸಾಕು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮೇಲೆ ಒಂದು ಸಂಜೆ ಅವನನ್ನು ಕೂರಿಸಿ ನೋಡಿ. ಬ್ಲೇಡು ಒತ್ತಿ ಬಿದ್ದರೆ ಒಳಗಿನ ಅಡಿಕೆಗೇ ಗಾಯವಾಗುತ್ತದೆ, ಹಗುರಾದರೆ ಸಿಪ್ಪೆ ಅರ್ಧಕ್ಕೇ ಹರಿದು ನಾರು ಅಂಟಿಕೊಂಡು ಉಳಿಯುತ್ತದೆ. ಮೊದಲ ಸಂಜೆ ಅವನ ಬುಟ್ಟಿಯಲ್ಲಿ ಕಾಣುವುದು ಬಹುಮಟ್ಟಿಗೆ ಹಾಳಾದ ಅಡಿಕೆ, ಬೆರಳೆಲ್ಲ ಕಪ್ಪು ಕಲೆ. ಪಕ್ಕದಲ್ಲಿ ಕೂತ ಹೆಂಗಸರು ಕಣ್ಣನ್ನು ಕತ್ತಿಯ ಮೇಲಿಡದೆ, ಊರ ಸುದ್ದಿ ಮಾತಾಡುತ್ತ, ಒಂದೇ ಲಯದಲ್ಲಿ ಸುಲಿದು ಎಸೆಯುತ್ತಿರುತ್ತಾರೆ. ಕೂಲಿಗೆ ಬಂದ ಆ ಕೈಗಳ ಬೆಲೆ ಏನೆಂದು ಅವನಿಗೆ ಯಾರೂ ಭಾಷಣ ಮಾಡಬೇಕಾಗುವುದಿಲ್ಲ. ಒಂದು ಎಚ್ಚರಿಕೆ: ‘ಬಿಡು, ನೀನು ಹಾಳು ಮಾಡುತ್ತೀಯ’ ಎಂದು ನಡುವೆ ಎಬ್ಬಿಸಬೇಡಿ, ನಗಲೂ ಬೇಡಿ. ಹಾಳಾದದ್ದು ನಾಲ್ಕು ಅಡಿಕೆ ತಾನೇ.

ಸುಲಿಯುವುದು ಕೆಲವು ವಾರದ ಕೆಲಸ, ಅವನಿಗೆ ವರ್ಷವಿಡೀ ತನ್ನದೆನ್ನುವ ಒಂದು ಹೊಣೆಯೂ ಬೇಕು. ತೋಟದವರಿಗೆ ನಾನು ಸಾಮಾನ್ಯವಾಗಿ ಹೇಳುವುದು ಕಾಳುಮೆಣಸಿನ ಸಸಿಯನ್ನು. ಬುಡದಲ್ಲಿ ಹಬ್ಬುವ ಬಳ್ಳಿಯನ್ನು ಎರಡು ಮೂರು ಗೆಣ್ಣಿರುವ ತುಂಡುಗಳಾಗಿ ಕತ್ತರಿಸಿ, ಫೆಬ್ರುವರಿ ಮಾರ್ಚ್ ಹೊತ್ತಿಗೆ ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ನೆಟ್ಟು, ನೆರಳಲ್ಲಿಟ್ಟು ನೀರು ಹಾಕುತ್ತ ಬಂದರೆ, ಮಳೆಗಾಲ ಶುರುವಾಗುವಾಗ ಮರದ ಬುಡಕ್ಕೆ ನೆಡಲು ತಯಾರಾಗುತ್ತದೆ. ನೀರು ಹೆಚ್ಚಾದರೆ ಕೊಳೆಯುತ್ತದೆ, ಮರೆತರೆ ಒಣಗುತ್ತದೆ. ಪರೀಕ್ಷೆ ಇದೆಯೆಂದು ಕೊಟ್ಟೆಯೊಳಗಿನ ತುಂಡು ಕಾಯುವುದಿಲ್ಲ. ಅವನು ಮರೆತ ದಿನ ನೀವು ಗುಟ್ಟಾಗಿ ಹೋಗಿ ನೀರು ಹಾಕಬಾರದು. ಇದು ತಾಯಂದಿರಿಗೆ ಎಲ್ಲಕ್ಕಿಂತ ಕಷ್ಟದ ಭಾಗ. ಸತ್ತ ಸಸಿ ಸಾಯಲಿ, ಯಾಕೆ ಸತ್ತಿತೆಂದು ತಂದೆ ಮಗ ಒಟ್ಟಿಗೆ ಕೂತು ಬೇರು ಬಿಡಿಸಿ ನೋಡಲಿ. ಉಳಿದ ಸಸಿ ಮಾರಿ ನಾಲ್ಕು ಕಾಸು ಬಂದರೆ ಅದು ಅವನದೇ. ಆ ದುಡ್ಡು ನಿಮ್ಮ ಕೈಯಿಂದ ಬಂದ ಆಮಿಷವಲ್ಲ, ಕೆಲಸದೊಳಗಿನಿಂದ ಬಂದದ್ದು. ರಾಬರ್ಟ್ ಐಸೆನ್‌ಬರ್ಗರ್ ಎಂಬ ಸಂಶೋಧಕರು 1992ರಲ್ಲಿ ಮಂಡಿಸಿದ ವಾದದ ಸಾರವೂ ಇದೇ: ಪ್ರತಿಫಲವು ಸುಲಭದ ಕೆಲಸಕ್ಕಲ್ಲದೆ ಹೆಚ್ಚಿನ ಶ್ರಮಕ್ಕೆ ಜೋಡಿಕೊಂಡು ಬಂದಾಗ, ಶ್ರಮದ ಅನುಭವಕ್ಕೇ ಒಂದು ರುಚಿ ಹತ್ತಿ, ಅದು ಬೇರೆ ಕೆಲಸಗಳಿಗೂ ಹರಿಯುತ್ತದೆ.

ಪ್ರತಿಫಲವನ್ನು ಹೇಗಿಡಬೇಕೆಂದು ನಮ್ಮ ಯಕ್ಷಗಾನದ ಹಳೆಯ ಮೇಳಗಳಿಗೆ ಚೆನ್ನಾಗಿ ಗೊತ್ತಿತ್ತು. ಮೇಳ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದದ್ದು ಕೋಡಂಗಿ, ಬಾಲಗೋಪಾಲದಂಥ ವೇಷಗಳು, ಸಭಿಕರು ಇನ್ನೂ ಬಂದು ಕೂರುತ್ತಿರುವ ಹೊತ್ತಿನವು. ಅಲ್ಲಿ ತಾಳ ತಪ್ಪದೆ ಹೆಜ್ಜೆ ಹಾಕಿದವನಿಗೆ ಪದಕ ಕೊಡುತ್ತಿರಲಿಲ್ಲ, ಅದಕ್ಕಿಂತ ಕಷ್ಟದ ವೇಷ ಕೊಡುತ್ತಿದ್ದರು. ನಿಮ್ಮ ಮಗನ ಲೆಕ್ಕದ ಪುಸ್ತಕಕ್ಕೂ ಈ ಕ್ರಮವನ್ನು ಹಚ್ಚಬಹುದು. ಒಂದು ಅಧ್ಯಾಯ ಸಲೀಸಾಗಿ ಬಂದರೆ ‘ಶಾಭಾಸ್, ಇನ್ನು ಆಡಿಕೋ’ ಎನ್ನುವುದರ ಜೊತೆಗೆ, ‘ಹಾಗಾದರೆ ಇದನ್ನೊಂದು ನೋಡು, ಇದು ಬಿಗಿ ಇದೆ’ ಎಂದು ಮುಂದಿನದನ್ನು ತೋರಿಸಿ. ಹೊಗಳುವಾಗ ‘ನೀನು ಬುದ್ಧಿವಂತ’ ಎಂಬುದಕ್ಕಿಂತ ‘ಎರಡನೆಯ ಸಲ ಬೇರೆ ದಾರಿ ಹಿಡಿದೆಯಲ್ಲ, ಅದು ಚೆನ್ನಾಯಿತು’ ಎಂಬುದು ಮೇಲು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಕಂಡದ್ದೇನೆಂದರೆ, ಬುದ್ಧಿವಂತಿಕೆಗೆ ಹೊಗಳಿಸಿಕೊಂಡವರು ಮುಂದೆ ಸುಲಭದ ಸಮಸ್ಯೆಯನ್ನೇ ಆರಿಸಿಕೊಳ್ಳುವತ್ತ ವಾಲಿದರು, ಒಮ್ಮೆ ಸೋತ ಮೇಲೆ ಅವರ ಕೆಲಸ ಇಳಿಯಿತು, ಬೇರೆಯವರಿಗೆ ತಮ್ಮ ಅಂಕ ಹೇಳುವಾಗ ಏರಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ಈ ವಿಚಾರದ ಮೇಲೆ ಬಂದ ನಂತರದ ದೊಡ್ಡ ಅಧ್ಯಯನಗಳಲ್ಲಿ ಪರಿಣಾಮ ಮೊದಲು ತೋರಿದಷ್ಟು ದೊಡ್ಡದಾಗಿಲ್ಲ. ಹೀಗಾಗಿ ಮಾತು ಬದಲಿಸಿದ ಮಾತ್ರಕ್ಕೆ ಹುಡುಗನೇ ಬದಲಾಗುತ್ತಾನೆಂದು ಎಣಿಸಬೇಡಿ.

ಲೆಕ್ಕ ಬಾರದೆ ಅವನು ಒದ್ದಾಡುವಾಗ ಎಷ್ಟು ಹೊತ್ತು ಬಿಡಬೇಕು ಎಂಬ ಪ್ರಶ್ನೆಗೆ ಗಡಿಯಾರದ ಉತ್ತರವಿಲ್ಲ. ಅವನು ಇನ್ನೂ ಹೊಸ ದಾರಿ ಹುಡುಕುತ್ತಿದ್ದರೆ ಬಿಡಿ. ಅದೇ ತಪ್ಪು ದಾರಿಯಲ್ಲಿ ಸುತ್ತುತ್ತಿದ್ದರೆ ಅಥವಾ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿದ್ದರೆ ಪಕ್ಕಕ್ಕೆ ಹೋಗಿ ಕೂತುಕೊಳ್ಳಿ. ಉತ್ತರ ಹೇಳಬೇಡಿ, ಎಲ್ಲಿಯವರೆಗೆ ಬಂದೆ ಎಂದು ಕೇಳಿ. ನಿಮಗೆ ಆ ಲೆಕ್ಕ ಬಾರದಿದ್ದರೂ ತೊಂದರೆಯಿಲ್ಲ.

ಮೊಬೈಲಿನ ಮಾತು ಕೊಟ್ಟಾಗಿದೆ, ಅದನ್ನು ಮುರಿಯಬೇಡಿ. ಅಂಕ ಬಂದರೆ ಕೊಡಿಸಿ. ಕೊಟ್ಟ ಮಾತು ತಪ್ಪುವ ತಾಯಿಯಿಂದ ಹುಡುಗ ಕಲಿಯುವ ಪಾಠ ಮೊಬೈಲಿನಿಂದಾಗುವ ಕೇಡಿಗಿಂತ ಕೆಟ್ಟದು. ಬಳಸುವ ಹೊತ್ತು ಎಷ್ಟು, ರಾತ್ರಿ ಎಲ್ಲಿಡಬೇಕು ಎಂಬುದನ್ನು ಕೊಳ್ಳುವ ಮೊದಲೇ ಮೂವರೂ ಕೂತು ತೀರ್ಮಾನಿಸಿ. ಹೊಸ ಕರಾರು ಮಾತ್ರ ಮಾಡಬೇಡಿ, ‘ಇದು ಕೊನೆಯದು’ ಎಂದು ಬಾಯಿಬಿಟ್ಟು ಹೇಳಿಯೂ ಬಿಡಿ. ಕೆಲವು ವಾರ ಅವನ ಓದು ಇಳಿಯಬಹುದು. ಕರಾರಿನ ಬಲದಿಂದ ನಿಂತಿದ್ದದ್ದು ಕರಾರು ಹೋದಾಗ ಸ್ವಲ್ಪ ಕುಸಿಯುವುದು ಸಹಜ, ಆಗ ಗಾಬರಿಯಾಗಿ ಮತ್ತೊಂದು ಬಹುಮಾನ ಹೇಳಿದರೆ ಮತ್ತೆ ಮೊದಲಿಗೇ ಬಂದಂತೆ. ಅಂಗಳದ ಅಡಿಕೆಗೆ ‘ಎಂತ ಕೊಡ್ತೆ’ ಎಂದು ಮತ್ತೊಮ್ಮೆ ಕೇಳಿದರೆ ಸಿಟ್ಟಾಗದೆ ‘ಇದಕ್ಕೆ ಕೊಡುವುದೇನೂ ಇಲ್ಲ, ನಮ್ಮ ಅಡಿಕೆ’ ಎಂದಷ್ಟೇ ಹೇಳಿ ನೀವು ಎತ್ತಲು ತೊಡಗಿ.

ಕೊನೆಗೆ, ಮುಂದಿನ ವರ್ಷದ ಎಸ್ಸೆಸ್ಸೆಲ್ಸಿಯ ಬಗ್ಗೆ ಒಂದು ಸಲಹೆ. ಫಲಿತಾಂಶ ಬಂದ ಮೇಲೆ ಅಂಕ ನೋಡಿ ಸಿಹಿ ಹಂಚುವುದು, ಪ್ರವಾಸ ಹೋಗುವುದು ನಮ್ಮ ಕಡೆಯ ರೂಢಿ. ನೀವು ಮನೆಮಂದಿಯೆಲ್ಲ ಬನವಾಸಿಗೋ ಗೋಕರ್ಣಕ್ಕೋ ಹೋಗುವುದನ್ನು ಕೊನೆಯ ಪರೀಕ್ಷೆ ಮುಗಿದ ಮರುದಿನಕ್ಕೇ ಇಟ್ಟುಕೊಳ್ಳಿ, ಇದನ್ನು ಅವನಿಗೆ ಮೊದಲೇ ಹೇಳುವ ಅಗತ್ಯವಿಲ್ಲ. ಆ ದಿನ ನಿಮಗೆ ಗೊತ್ತಿರುವುದು ಅವನು ವರ್ಷವಿಡೀ ಏನು ಮಾಡಿದ ಎಂಬುದು ಮಾತ್ರ. ಎಷ್ಟು ಬಂತು ಎಂಬುದು ಆಗ ನಿಮಗೂ ಗೊತ್ತಿರುವುದಿಲ್ಲ, ಅವನಿಗೂ ಗೊತ್ತಿರುವುದಿಲ್ಲ.